ಏಳನೇ ಹಾಳೆಯ ನೀಲಿ ಸಾಲು

ಶಮೀಮಳ ಸ್ಕ್ರಿಪ್ಟನ್ನು ಟಿವಿ ಕೇಂದ್ರದವರು ತಿರಸ್ಕರಿಸಿರಲಿಲ್ಲ. ತಿರಸ್ಕರಿಸಿದವನು ನಾನು. ಜೇವರ್ಗಿಯ ಒಂದು ಟೈಪಿಂಗ್ ಕೋಣೆಯಲ್ಲಿ, ಹಾಡುಹಗಲು, ಪೂರ್ತಿ ಎಚ್ಚರದಲ್ಲಿ ಕುಳಿತು, ಅವರ ಹೆಸರಿನಲ್ಲಿ.

"ಸರ್, ಮೊದಲ ಸಲ ಕಾಮಿಡಿ ಸೀರಿಯಲ್ ಬರೆದಿದ್ದೇನೆ, ಎಲ್ಲಿಗೆ ಕಳಿಸಬೇಕು?" ಎಂದು ನನ್ನ ಈ ಆನ್‌ಲೈನ್ ಪುಟ ಓದುವವರಲ್ಲಿ ವಾರಕ್ಕೆ ಒಬ್ಬರಾದರೂ ನನ್ನ ಇನ್‌ಬಾಕ್ಸಿಗೆ ಬಂದು ಕೇಳುತ್ತೀರಿ. ಕೇಳಬಾರದ ಮನುಷ್ಯನನ್ನು ಕೇಳುತ್ತಿದ್ದೀರಿ. ಪ್ರತಿ ಸಲವೂ ಗೊತ್ತಿದ್ದಷ್ಟು ಉತ್ತರ ಕೊಟ್ಟು, ಫೋನನ್ನು ಬೋರಲು ಹಾಕುತ್ತೇನೆ. ಯಾಕೆ ಎಂದು ಇವತ್ತು ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಶುರು. ನನಗೆ ಇಪ್ಪತ್ತಮೂರು. ಸೋದರಮಾವನ ಟೈಪಿಂಗ್ ಕ್ಲಾಸನ್ನು ನಾನೇ ನಡೆಸುತ್ತಿದ್ದೆ. ಗಣಪತಿ ಕೂಡ್ರಿಸುವ ಹುಡುಗರಿಗೆ ನಾಲ್ಕು ಪ್ರಹಸನ ಬರೆದುಕೊಟ್ಟಿದ್ದೆನಾದ್ದರಿಂದ ಊರಲ್ಲಿ "ರೈಟರ್" ಎಂದು ಕರೆಸಿಕೊಳ್ಳುತ್ತಿದ್ದೆ. ಬೆಂಗಳೂರಿನ ಟಿವಿ ಕೇಂದ್ರಕ್ಕೆ ಎರಡು ಹಾಸ್ಯ ಧಾರಾವಾಹಿ ಕಳಿಸಿದ್ದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಎರಡೂ ವಾಪಸ್ ಬಂದಿದ್ದವು.

ಆಗಿನ ಪದ್ಧತಿ ಹೀಗಿತ್ತು. ಕಥಾಸಾರ, ಮೊದಲ ಕಂತು, ಎರಡನ್ನೂ ಟೈಪ್ ಮಾಡಿಸಬೇಕು. ಹಾಳೆಯ ಎಡಗಡೆ ಕಾಣುವುದು, ಬಲಗಡೆ ಕೇಳುವುದು. ಜೊತೆಗೆ ಸ್ಟ್ಯಾಂಪು ಹಚ್ಚಿ, ನಮ್ಮ ವಿಳಾಸ ಬರೆದ ದೊಡ್ಡ ಕವರನ್ನೂ ಇಡಬೇಕು. ಬೇಡವಾದರೆ ಅದೇ ಕವರಿನಲ್ಲಿ ನಮ್ಮ ಹಾಳೆಗಳನ್ನು ನಮಗೇ ತಿರುಗಿಸುತ್ತಾರೆ. ಬೇಕಾದರೆ ಹಾಳೆ ಅವರಲ್ಲೇ ಉಳಿಯುತ್ತದೆ, ಅವರ ಕವರಿನಲ್ಲಿ ಒಂದು ತೆಳ್ಳನೆಯ ಪತ್ರ ಬರುತ್ತದೆ. ದಪ್ಪ ಕವರು ಬಂದರೆ ಒಡೆದು ನೋಡುವ ಅಗತ್ಯವೇ ಇಲ್ಲ. ನನಗೆ ಎರಡು ಸಲವೂ ದಪ್ಪ ಕವರು ಬಂದಿತ್ತು. ಅಂಚೆಯವನಿಗೆ ಗೊತ್ತಾದೀತೆಂಬ ನಾಚಿಕೆಗೆ ನಾನು ಕವರಿನ ಮೇಲೆ ಹೆಸರೇ ಹಾಕಿರಲಿಲ್ಲ, ಬರೀ ಟೈಪಿಂಗ್ ಕ್ಲಾಸಿನ ವಿಳಾಸ.

ಶಮೀಮ್ ನೆಲೋಗಿಯಿಂದ ಬಸ್ಸಿಗೆ ಬಂದು ಟೈಪಿಂಗ್ ಕಲಿಯುತ್ತಿದ್ದಳು. ಅವಳ ಅಪ್ಪ ಟೇಲರ್. ಒಂದು ದಿನ ಎಲ್ಲರೂ ಹೋದ ಮೇಲೆ ಚೀಲದಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಮೇಜಿನ ಮೇಲಿಟ್ಟಳು.

"ಸರ್, ಟೀವಿಗಿ ನಗೂದೊಂದು ಬರದೇನಿ. ಇದನ್ನ ಎಲ್ಲಿಗಿ ಕಳಸಬೇಕ್ರಿ?"

ನಾನು ಗುರುವಿನ ಗತ್ತಿನಲ್ಲಿ ನೋಟ್‌ಬುಕ್ ತಿರುವಿದೆ. ಹೆಸರು "ಕಾಜಾ ಗುಂಡಿ" — ಕಾಜಾ ಅಂದರೆ ಗುಂಡಿ ತೂರಿಸುವ ತೂತು. ಒಂದು ಊರು, ಒಬ್ಬ ಟೇಲರ್, ಹಬ್ಬಕ್ಕೆ ಬಟ್ಟೆ ಕೊಟ್ಟ ಗಿರಾಕಿಗಳು. ಯಾರು ಬಂದು ಕೇಳಿದರೂ ಅವನದು ಒಂದೇ ಮಾತು — ಎಲ್ಲ ಆಗಿದೆ, ಕಾಜಾ ಗುಂಡಿ ಅಷ್ಟೇ ಉಳಿದಿದೆ.

"ಅಂಗಿ ಆತೇನ್ರಿ ಮಾಸ್ತರ್?"

"ಆದಂಗೇ ಆತ್ರಿ. ಕಾಜಾ ಗುಂಡಿ ಅಷ್ಟ ಉಳದಾವ."

"ಮತ್ತ ತೋಳು ಎಲ್ಲ್ಯದಾವ್ರಿ?"

"ತೋಳ ಹಬ್ಬ ಆದ ಮ್ಯಾಲ ಒಯ್ರಿ."

ನಾನು ನಕ್ಕೆ. ಬೇಕೆಂದು ನಕ್ಕಿದ್ದಲ್ಲ, ತಡೆಯಲಾಗಲಿಲ್ಲ. ಆ ನಗುವಿನ ನಡುವೆಯೇ ಹೊಳೆಯಿತು — ನನ್ನ ಎರಡು ಸ್ಕ್ರಿಪ್ಟಿನಲ್ಲಿ ಇಂಥ ಒಂದು ಸಾಲೂ ಇರಲಿಲ್ಲ. ನನ್ನ ಪಾತ್ರಗಳು ಯಾರೂ ಕಾಣದ ಯಾವುದೋ ಊರಿನ ಕನ್ನಡ ಮಾತಾಡುತ್ತಿದ್ದವು. ಅವಳ ಟೇಲರ್ ನಮ್ಮ ಬಜಾರಿನಲ್ಲಿ ಕುಳಿತಿದ್ದ.

ನಾನೇ ಟೈಪ್ ಮಾಡಿಕೊಟ್ಟೆ. ಹದಿನೆಂಟು ಹಾಳೆ, ಕೆಳಗೊಂದು ಕಾರ್ಬನ್ ಪ್ರತಿ. ಕವರಿಗೆ ಹಾಕುವ ಮುಂಚೆ ಅವಳು "ಒಂದ ನಿಮಿಷ ತಡೀರಿ ಸರ್" ಎಂದು ಏಳನೇ ಹಾಳೆ ತೆಗೆದುಕೊಂಡು, ತೋಳಿಲ್ಲದ ಅಂಗಿಯ ಗಿರಾಕಿ ಕೊಡುವ ಮರುಮಾತನ್ನು ನೀಲಿ ಪೆನ್ನಿನಿಂದ ಅಂಚಿನಲ್ಲಿ ಸೇರಿಸಿದಳು. ಆ ಸಾಲಿಗೆ ಇಬ್ಬರೂ ಎಷ್ಟು ನಕ್ಕೆವೆಂದರೆ ಪಕ್ಕದ ಸೈಕಲ್ ಅಂಗಡಿಯವನು ಇಣುಕಿ ನೋಡಿದ.

ಪತ್ರ ಮನೆಗೆ ಬಂದರೆ ಅಣ್ಣಂದಿರು ಒಡೆಯುತ್ತಾರೆ, ಅದಕ್ಕೆ ವಿಳಾಸ ಕ್ಲಾಸಿನದೇ ಇರಲಿ, ಹೆಸರು ಬೇಡ ಎಂದಳು. ಅಫಜಲಪುರದಿಂದ ಅವಳಿಗೊಂದು ಸಂಬಂಧ ಬಂದಿತ್ತು. ಉತ್ತರ ಬರುವವರೆಗೆ ತಡೆಯಲು ಅಪ್ಪನನ್ನು ಹೇಗೋ ಒಪ್ಪಿಸಿದ್ದಳು.

"ಜವಾಬ್ ಬರೂತನಾ ತಡೀತೇನಿ ಅಂದಾರ್ರಿ ಅಬ್ಬಾ. ಛಲೋ ಜವಾಬ್ ಬಂದ್ರ ಮುಂದ ಬರಿ, ಇಲ್ಲಂದ್ರ ಸುಮ್ನ ನಿಕಾಹ್‌ಕ್ಕ ಕೂಡು ಅಂದಾರ."

ಅವಳ ಇಡೀ ಬದುಕು ಒಂದು ಕವರಿನ ದಪ್ಪದ ಮೇಲೆ ನಿಂತಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಎರಡು ತಿಂಗಳಿಗೆ ತೆಳ್ಳನೆಯ ಕವರು ಬಂತು.

ಒಡೆದೆ. ಮೊದಲ ಕಂತು ಮೆಚ್ಚಿಗೆಯಾಗಿದೆ, ಇನ್ನೂ ಮೂರು ಕಂತು ಬರೆದುಕೊಂಡು ತಿಂಗಳೊಳಗೆ ಬಂದು ಭೇಟಿಯಾಗಿ ಎಂದಿತ್ತು. ಕೊನೆಯಲ್ಲಿ ಯಾರೋ ಕೈಯಿಂದ ಬರೆದಿದ್ದರು — "ಭಾಷೆ ಹೀಗೆಯೇ ಇರಲಿ, ಬದಲಿಸಬೇಡಿ."

ಪತ್ರವನ್ನು ಬಚ್ಚಿಟ್ಟರೆ ಸಾಲದು, ಅವಳು ಕಾಯುತ್ತಲೇ ಇರುತ್ತಾಳೆ. ಕಾಯುವುದು ನಿಲ್ಲಬೇಕಾದರೆ ದಪ್ಪ ಕವರು ಬರಬೇಕು. ಮಧ್ಯಾಹ್ನ ಕ್ಲಾಸು ಖಾಲಿ ಇರುವ ಹೊತ್ತಿನಲ್ಲಿ, ಎರಡು ದಿನ ಕುಳಿತು, ಕಾರ್ಬನ್ ಪ್ರತಿ ಮುಂದಿಟ್ಟುಕೊಂಡು ಹದಿನೆಂಟೂ ಹಾಳೆಗಳನ್ನು ಮತ್ತೆ ಟೈಪ್ ಮಾಡಿದೆ. ಟೈಪ್ ಮಾಡುವಾಗಲೂ ಅದೇ ಜಾಗಗಳಲ್ಲಿ ನಗು ಬಂತು. ಆದರೂ ನನ್ನ ಬೆರಳು ನಿಲ್ಲಲಿಲ್ಲ. ನನ್ನದೇ ಸ್ಕ್ರಿಪ್ಟು ವಾಪಸ್ ಬಂದಿದ್ದ ಹಳೆಯ ಕವರು ಇತ್ತು — ಹೆಸರಿಲ್ಲ, ಅದೇ ವಿಳಾಸ, ತಾರೀಖು ಮಾಸಿದ ಅಂಚೆಯ ಮುದ್ರೆ. ಅದರೊಳಗೆ ಹಾಕಿ ಬಾಯಿ ಅಂಟಿಸಿದೆ. ಹಾಕುವ ಮುಂಚೆ ಮೊದಲ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ, ಕೈಬರಹ ಬದಲಿಸಿ ಬರೆದೆ: "ಈ ಭಾಷೆಗೆ ಯಾರೂ ನಗುವುದಿಲ್ಲ."

ಅದೊಂದು ಸಾಲು ಬೇಕಿರಲಿಲ್ಲ. ದಪ್ಪ ಕವರೇ ಸಾಕಿತ್ತು. ಅದನ್ನು ಯಾಕೆ ಬರೆದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವಳು ಇನ್ನೊಮ್ಮೆ ಬರೆಯಲೇಬಾರದು, ಅದಕ್ಕೆ.

ಕವರು ಕೈಗೆ ಕೊಟ್ಟಾಗ ಶಮೀಮ್ ನಿಂತೇ ಓದಿದಳು. ಅಳಲಿಲ್ಲ. ಹಾಳೆಗಳನ್ನು ಒಂದೊಂದಾಗಿ ತಿರುವಿದಳು, ಒಂದು ಕಡೆ ಸ್ವಲ್ಪ ತಡೆದಳು, ಮತ್ತೆ ತಿರುವಿದಳು.

"ಹೌದ್ರಿ ಸರ್, ನಮ್ಮ ಮಾತಿಗಿ ಅಲ್ಲಿ ಯಾರ್ ನಗ್ತಾರ" ಎಂದಳು. ಮರುವಾರದಿಂದ ಕ್ಲಾಸಿಗೆ ಬರಲಿಲ್ಲ. ಆ ವರ್ಷವೇ ಅಫಜಲಪುರಕ್ಕೆ ಮದುವೆಯಾಗಿ ಹೋದಳು.

ಆ ಪತ್ರವನ್ನೂ ಕಾರ್ಬನ್ ಪ್ರತಿಯನ್ನೂ ನಾನು ಸುಡಲಿಲ್ಲ. ಆಳಂದಕ್ಕೆ ನೌಕರಿಗೆ ಹೋದಾಗ ಟ್ರಂಕಿನ ತಳದಲ್ಲಿ ಬಂದವು, ಅಲ್ಲೇ ಇದ್ದವು. ನನ್ನಿಂದಲೂ ಮುಂದೆ ಟಿವಿಗೆ ಏನೂ ಬರೆಯಲಾಗಲಿಲ್ಲ. ಅದನ್ನು ಶಿಕ್ಷೆ ಎನ್ನಲಾರೆ, ನನಗೆ ಬರೆಯಲು ಬರುತ್ತಿರಲಿಲ್ಲ, ಅಷ್ಟೇ. ಇನ್ನೊಂದನ್ನೂ ಹೇಳಬೇಕು. ನೀವು ಮೆಚ್ಚುವ ಈ ಪುಟದ ಮಾತಿನ ಧಾಟಿ — ನಮ್ಮ ಕಡೆಯ ಮಾತು, ಬಜಾರಿನ ನಗೆ — ನಾನು ಅವಳ ನೋಟ್‌ಬುಕ್ಕಿನಿಂದ ಕಲಿತದ್ದು.

ಹೋದ ತಿಂಗಳು ಅಫಜಲಪುರಕ್ಕೆ ಹೋದೆ. ಶಮೀಮ್ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ನಾನು ಕುಳಿತಿದ್ದಾಗ ಕುಪ್ಪಸ ಹೊಲಿಯಲು ಕೊಟ್ಟಿದ್ದ ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ನಿಂತು ಕೇಳಿದಳು, "ಆಪಾ, ನನ್ನ ಜಂಪರ್ ಆತೇನ್ರಿ?"

ಶಮೀಮ್ ತಲೆ ಎತ್ತದೆ ಹೇಳಿದಳು, "ಗುರುವಾರ ಬನ್ನಿ. ಸಿದ್ಧವಾಗಿರುತ್ತದೆ."

ಪುಸ್ತಕದ ಕನ್ನಡ. ಒಂದು ನಗೆಯಿಲ್ಲ. ನಾನು ಬರೆದ ಪೆನ್ಸಿಲ್ ಸಾಲು ಮೂವತ್ತು ವರ್ಷ ಏನು ಕೆಲಸ ಮಾಡಿತೆಂದು ಅಲ್ಲಿ ಕುಳಿತು ಕೇಳಿದೆ.

ಪತ್ರವನ್ನೂ ಕಾರ್ಬನ್ ಪ್ರತಿಯನ್ನೂ ಕೊಟ್ಟೆ. ಎಲ್ಲ ಹೇಳಿದೆ. ಅವಳು ಕನ್ನಡಕ ಹಾಕಿಕೊಂಡು ಪತ್ರವನ್ನು ಎರಡು ಸಲ ಓದಿದಳು. ಆಮೇಲೆ ಕಾರ್ಬನ್ ಹಾಳೆಗಳನ್ನು ಎಣಿಸಿ ಏಳನೆಯದನ್ನು ತೆಗೆದಳು.

"ಇಲ್ಲಿ ನಂದೊಂದ ಸಾಲ ಇತ್ತ್ರಿ. ನೀಲಿ ಪೆನ್ನಿಂದು. ಅವತ್ತ ವಾಪಸ್ ಬಂದ ಹಾಳ್ಯಾಗ ಅದು ಇರಲಿಲ್ಲ. ನಾ ನೋಡಿದ್ದೆ."

ಪೆನ್ನಿನಲ್ಲಿ ಆಮೇಲೆ ಬರೆದದ್ದು ಕಾರ್ಬನ್ನಿಗೆ ಇಳಿದಿರುವುದಿಲ್ಲ. ಟೈಪಿಂಗ್ ಕಲಿಸುವವನು ನಾನು, ನನಗೇ ಅದು ಹೊಳೆದಿರಲಿಲ್ಲ. "ನೋಡಿದ್ದ ಮ್ಯಾಲ ಅವತ್ತೇ ಯಾಕ ಕೇಳಲಿಲ್ಲ?" ಎಂದೆ.

"ನಾ ಬರದೇ ಇಲ್ಲೇನೋ, ಬರದಂಗ ಅನಕೊಂಡಿದ್ದೆನೇನೋ ಅನಿಸ್ತು. ನಿಮ್ಮ ಮ್ಯಾಲ ಸಂಶಯ ಬರಲಿಲ್ರಿ ಸರ್. ನನ್ನ ಮ್ಯಾಲ ಬಂತು."

ಹಾಳೆಗಳನ್ನು ಜೋಡಿಸಿ ನನ್ನ ಕಡೆ ಸರಿಸಿದಳು.

"ಇದನ್ನ ಈಗ ಎಲ್ಲಿಗಿ ಕಳಸಬೇಕ್ರಿ?"

ಅವಳು ನಿಜಕ್ಕೂ ಕೇಳಿದಳೋ, ಚುಚ್ಚಿದಳೋ — ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಟಿವಿ ಕೇಂದ್ರದ ಆ ವಿಳಾಸದಲ್ಲಿ ಈಗ ಅವಳ ಪತ್ರಕ್ಕಾಗಿ ಕಾಯುವವರು ಯಾರೂ ಇಲ್ಲ. ನೀಲಿ ಸಾಲು ಏನಿತ್ತು ಹೇಳು, ಸೇರಿಸಿ ಮತ್ತೆ ಟೈಪ್ ಮಾಡುತ್ತೇನೆ ಎಂದೆ. ಅವಳು ಹೊಲಿಗೆ ಯಂತ್ರದ ಗಾಲಿಯ ಮೇಲೆ ಕೈಯಿಟ್ಟು ತುಂಬಾ ಹೊತ್ತು ಯೋಚಿಸಿದಳು.

"ನೆನಪಿಲ್ರಿ."

ನನಗೂ ನೆನಪಿಲ್ಲ. ನಕ್ಕದ್ದು ನೆನಪಿದೆ, ಸೈಕಲ್ ಅಂಗಡಿಯವನು ಇಣುಕಿದ್ದು ನೆನಪಿದೆ, ಸಾಲು ಇಲ್ಲ.

ಎಲ್ಲಿಗೆ ಕಳಿಸಬೇಕು ಎಂದು ಕೇಳುವವರೇ, ನನಗೆ ಗೊತ್ತಿರುವ ವಿಳಾಸಗಳನ್ನೆಲ್ಲ ಕೊಡುತ್ತೇನೆ. ಆದರೆ ಉತ್ತರ ಬರುವ ವಿಳಾಸ ನಿಮ್ಮದೇ ಇರಲಿ, ನನ್ನಂಥವನದು ಬೇಡ. ಶಮೀಮಳ ಸ್ಕ್ರಿಪ್ಟನ್ನು ಅವಳ ಒಪ್ಪಿಗೆ ಪಡೆದು, ಅವಳ ಹೆಸರಿನಲ್ಲಿ, ಅವಳ ವಿಳಾಸದೊಂದಿಗೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಮುಗಿಸಿದ್ದೇನೆ. ಏಳನೇ ಹಾಳೆಯಲ್ಲಿ, ತೋಳಿಲ್ಲದ ಅಂಗಿ ಹಿಡಿದ ಗಿರಾಕಿ ಬಾಯಿ ತೆರೆಯುವ ಕಡೆ, ಒಂದು ಸಾಲಿನಷ್ಟು ಜಾಗ ಖಾಲಿ ಬಿಟ್ಟಿದ್ದೇನೆ.