ಇವತ್ತು ಕಲ್ಲು ಎಷ್ಟು ಸೇರು?

ಮೊನ್ನೆ ಮಂಗಳವಾರ ಬಾಗಲಕೋಟೆಯ ಪೇಟೆಗೆ ಹೋದಾಗ ಒಂದು ಓಣಿಯಲ್ಲಿ ಮಗ್ಗದ ಹಾಸಿನ ನೂಲಿಗೆ ಗಂಜಿ ಹಚ್ಚಿ ಉದ್ದಕ್ಕೆ ಎಳೆದು ಕಟ್ಟಿದ್ದರು. ಗಂಜಿ ಬಿಸಿಲಿಗೆ ಒಣಗುವಾಗ ಒಂದು ನಮೂನೆಯ ಹುಳಿ ವಾಸನೆ ಬರುತ್ತದೆ. ಅದು ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ನಿಂತವು. ನೇಕಾರರ ಮನೆಯಲ್ಲಿ ಮೊದಲ ಸಲ ಎಳೆ ಹಿಡಿದು ಏಳು ವರ್ಷ ಎರಡು ತಿಂಗಳಾಯಿತು ಎಂದುಕೊಂಡೆ. ಮನೆಗೆ ಬಂದು ಹಳೆಯ ದಿನಚರಿ ತೆಗೆದು ನೋಡಿದೆ. ಲೆಕ್ಕ ತಪ್ಪಿರಲಿಲ್ಲ.

ಹುನಗುಂದದ ಗಂಡನ ಮನೆಯಿಂದ ನನ್ನನ್ನು ಇಳಕಲ್ಲಿನ ತವರಿಗೆ ತಂದು ಬಿಟ್ಟದ್ದು ಜ್ಯೇಷ್ಠ ಬಹುಳ ತದಿಗೆಯ ದಿನ. ನನಗೆ ಆಗ ಹದಿನೆಂಟು. ಹೆತ್ತ ಕೂಸು ಹನ್ನೊಂದು ದಿನ ಬದುಕಿ, ತೊಟ್ಟಿಲಿಗೆ ಹಾಕುವ ಮೊದಲೇ, ಹೆಸರಿಲ್ಲದೆ ಹೋಗಿತ್ತು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಕುಳಿತವಳು ನಾನು ಏಳಲಿಲ್ಲ. ಗಾಳಿ ಸೋಂಕಿದೆ ಎಂದರು. ಬೀರಪ್ಪನ ಗುಡಿಯ ಭಂಡಾರದ ಅರಿಶಿನ ಹಚ್ಚಿದರು, ದರ್ಗಾದಿಂದ ತಾಯತ ತಂದು ಕಟ್ಟಿದರು, ಬೇವಿನ ಹೊಗೆ ಹಾಕಿದರು. ಎಲ್ಲ ಸೇರಿ ಒಂಬತ್ತು ಉಪಾಯ. ಒಂದೂ ನಾಟಲಿಲ್ಲ.

ನನ್ನ ಅಪ್ಪ ಕನ್ನಡ ಶಾಲೆಯ ಮಾಸ್ತರರು. ನಾನು ಹತ್ತು ವರ್ಷದವಳಿದ್ದಾಗಲೇ ದಿನಚರಿ ಬರೆಯುವ ರೂಢಿ ಹಾಕಿಸಿದ್ದರು. ಮೇಲೆ ತಿಥಿ, ವಾರ. ಕೆಳಗೆ ನಡೆದದ್ದು ನಡೆದಂತೆ. ಬರೆದದ್ದನ್ನು ಹೊಡೆದುಹಾಕುವಂತಿಲ್ಲ. ಎದ್ದು ಮುಖ ತೊಳೆಯಲಾಗದ ದಿನಗಳಲ್ಲೂ ಅದೊಂದು ನಿಲ್ಲಲಿಲ್ಲ. ‘ನಿದ್ದೆ ಎರಡು ತಾಸು. ರೊಟ್ಟಿ ಅರ್ಧ. ಅತ್ತದ್ದು ನಾಲ್ಕು ಸಲ.’ ಇಷ್ಟೇ ಇರುತ್ತಿತ್ತು.

ನಮ್ಮ ಎದುರು ಮನೆ ನೇಕಾರರದು. ಆ ಮನೆಯ ಸೊಸೆಯನ್ನು ಓಣಿಯ ಹುಡುಗಿಯರೆಲ್ಲ ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದೆವು. ಬದಾಮಿ ಕಡೆಯ ಹಳ್ಳಿಯವಳು, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ಆಕೆಗೆ ಏಳು ತಿಂಗಳ ಹೆಣ್ಣು ಕೂಸಿತ್ತು. ಅದನ್ನು ಆಕೆ ಎತ್ತಿಕೊಂಡದ್ದನ್ನು ಯಾರೂ ನೋಡಿರಲಿಲ್ಲ. ಎದೆಹಾಲು ಬತ್ತಿತ್ತು, ಅತ್ತೆಯೇ ಆಡಿನ ಹಾಲು ಹಾಕಿ ಸಾಕುತ್ತಿದ್ದಳು. ಹಡೆದವಳಿಗೇ ಬೇಡಾದ ಕೂಸು ಎಂದು ಓಣಿ ಆಡಿಕೊಳ್ಳುತ್ತಿತ್ತು. ನಾನೂ ಆಡಿಕೊಂಡವಳೇ. ನನ್ನದು ಹೋಯಿತು, ಇವಳದು ಇದೆ, ಇವಳಿಗೆ ಬೇಡ... ಆ ಸಿಟ್ಟು ಮೂರು ದಿನದ ಪುಟಗಳಲ್ಲಿದೆ. ಈಗ ಓದಿದರೆ ನಾಚಿಕೆಯಾಗುತ್ತದೆ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನದು ನೂಲು, ಸೆರಗಿನದು ರೇಷ್ಮೆ. ನೇಯುವ ಮೊದಲು ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಇಬ್ಬರು ಎದುರುಬದುರು ಕುಳಿತು, ಒಬ್ಬಳು ಹಿಡಿದು ಇನ್ನೊಬ್ಬಳು ಪೋಣಿಸಿದರೆ ಕೆಲಸ ಬೇಗ ಸಾಗುತ್ತದೆ. ವೈನಿಯ ಅತ್ತೆಗೆ ಆ ವರ್ಷ ಕಣ್ಣು ಮಂಜಾಗತೊಡಗಿತ್ತು. ಆಷಾಢದಲ್ಲಿ ಒಂದು ದಿನ ಬಂದು ನನ್ನ ಅವ್ವನಿಗೆ ಹೇಳಿದಳು: “ನಿನ್ನ ಮಗಳು ಸುಮ್ಮ ಗ್ವಾಡಿ ನೋಡಕೋತ ಕುಂಡ್ರೂಕಿಂತ ನಮ್ಮನಿಗೆ ಬಂದ ಎಳಿ ನೋಡ್ಲಿ. ನನ್ನ ಸೊಸಿನೂ ಹಂಗs ಅದಾಳ. ಇಬ್ಬರೂ ಕೂಡಿದ್ರ ಒಂದ ಆಳಿನ ಕೆಲಸರೆ ಆದೀತು.”

ಹೋದೆ. ಆ ಕೆಲಸದಲ್ಲಿ ತಲೆ ಎತ್ತುವಂತಿಲ್ಲ. ಹಾಗಾಗಿ ಮುಖ ನೋಡದೆ ಮಾತಾಡಬಹುದು. ನಾಲ್ಕು ದಿನ ಇಬ್ಬರೂ ಏನೂ ಆಡಲಿಲ್ಲ. ಐದನೆಯ ದಿನ ವೈನಿ ಎಳೆ ಹಿಡಿದುಕೊಂಡೇ ಕೇಳಿದಳು.

“ನಿನಗೂ ಮುಂಜಾನೆ ಎಚ್ಚರಾದ ಕೂಡ್ಲೇ ಎದಿ ಮ್ಯಾಲ ಕಲ್ಲ ಇಟ್ಟಂಗ ಆಗತೈತೇನ?”

ಅಷ್ಟು ಜನ ಬಂದು ನೋಡಿ ಹೋಗಿದ್ದರು. ಯಾರೂ ಇದನ್ನು ಕೇಳಿರಲಿಲ್ಲ. ಹೂಂ ಅಂದೆ.

“ಎಷ್ಟ ಸೇರಿಂದು?”

ಲೆಕ್ಕ ಕೇಳಿದರೆ ನನಗೆ ಉತ್ತರ ಕೊಡದೆ ಇರಲಾಗುವುದಿಲ್ಲ. ವಿಚಾರ ಮಾಡಿ, ಒಂಬತ್ತು ಇರಬೇಕು ಅಂದೆ.

“ನಂದು ಹನ್ನೊಂದು. ಇದರಾಗೂ ನಾನs ಹಿರ್ಯಾಕಿ ನೋಡು.”

ಇಬ್ಬರಿಗೂ ನಗು ಬಂತು. ಒಳಗಿಂದ ಮುದುಕಿ ಏನಾಯಿತೆಂದು ಇಣುಕಿ ನೋಡಿದಳು. ಆ ದಿನದ ಪುಟದಲ್ಲಿ ಮೊದಲ ಸಲ ಹೊಸ ಸಾಲು ಬಿದ್ದಿತು: ‘ವೈನಿ ಹನ್ನೊಂದು ಸೇರು. ನಾನು ಒಂಬತ್ತು. ನಕ್ಕದ್ದು ಒಂದು ಸಲ.’

ಆಮೇಲೆ ದಿನಾ ಮಧ್ಯಾಹ್ನ ಕುಳಿತ ಕೂಡಲೇ ಅದೇ ಪ್ರಶ್ನೆ, ಇವತ್ತು ಕಲ್ಲು ಎಷ್ಟು ಸೇರು? ಹೆಚ್ಚಿದ್ದವಳಿಗೆ ಆ ದಿನ ಹಗುರ ಕೆಲಸ, ಅಂದರೆ ಹಿಡಿಯುವ ಕೆಲಸ. ದೇವರನ್ನು ನೆನೆ, ಧೈರ್ಯ ತಗೋ, ಎಲ್ಲರಿಗೂ ಆಗುವುದೇ ಎಂಬ ಮಾತು ನಮ್ಮಿಬ್ಬರ ನಡುವೆ ಒಂದು ಸಲವೂ ಬರಲಿಲ್ಲ. ಒಂದು ದಿನ ನಾನು ಬರಿದೇ ಅಳುತ್ತ ಕುಳಿತೆ. ಆಕೆ ತಾನೇ ಹಿಡಿದು ತಾನೇ ಪೋಣಿಸಿ ಇಬ್ಬರ ಕೆಲಸ ಮುಗಿಸಿದಳು. ಕೊನೆಗೆ, ನಾಳೆ ನನ್ನ ಪಾಳಿ, ಅಷ್ಟು ನೆನಪಿಟ್ಟುಕೋ ಅಂದಳು.

ಕೂಸಿನ ಮಾತು ತೆಗೆದವಳೂ ಆಕೆಯೇ. ಆಷಾಢ ಇನ್ನೂ ಮುಗಿದಿರಲಿಲ್ಲ. ಒಳಗೆ ಕೂಸು ಅಳುತ್ತಿತ್ತು.

“ಅದು ನನ್ನ ಕೂಸ ಅಲ್ಲ ಅನಸತೈತಿ ತಂಗಿ. ಯಾರೋ ತಂದ ಇಟ್ಟ ಹೋಗ್ಯಾರ, ನಾಳೆ ಬಂದ ಒಯ್ಯತಾರ ಅಂತ ಕಾಯತೇನಿ. ಯಾರಿಗೂ ಹೇಳಿಲ್ಲ ಇದನ್ನ.”

ನನ್ನ ಸಿಟ್ಟು ಅಂದಿಗೆ ಹೋಯಿತು. ಬೇಡ ಎಂದು ಬಿಟ್ಟವಳಲ್ಲ ಆಕೆ. ಬೇಕು ಅನ್ನಿಸಲಿ ಎಂದು ಕಾಯುತ್ತಿದ್ದಳು. ಮನೆಗೆ ಬಂದು ಆ ಮಾತನ್ನು ಇದ್ದಂತೆಯೇ ಬರೆದೆ. ನಾನು ಎಲ್ಲವನ್ನೂ ಬರೆಯುವವಳು.

ಐದು ಸೇರಿಗಿಂತ ಕಡಿಮೆಯಿದ್ದರೆ ಒಳ್ಳೆಯ ದಿನ ಎಂದು ನಾನೇ ಗೆರೆ ಹಾಕಿಕೊಂಡಿದ್ದೆ. ಆಷಾಢದಲ್ಲಿ ವೈನಿಗೆ ಅಂಥವು ಎರಡು. ಶ್ರಾವಣದಲ್ಲಿ ಏಳು. ಭಾದ್ರಪದದಲ್ಲಿ ಹದಿಮೂರು. ಭಾದ್ರಪದದ ಒಂದು ಮಧ್ಯಾಹ್ನ ಕೂಸು ಅಂಬೆಗಾಲಿಡುತ್ತ ಬಂದು, ರೇಷ್ಮೆ ಎಳೆ ಜಗ್ಗಿ, ಆಕೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಿತು. ವೈನಿ ಅತ್ತೆಯನ್ನು ಕರೆಯಲಿಲ್ಲ. ಕಾಲು ಜೋಮು ಹಿಡಿದರೂ ಎರಡು ತಾಸು ಅಲುಗಾಡಲಿಲ್ಲ. ಕಲ್ಲು ಎಷ್ಟು ಎಂದು ಪಿಸುಮಾತಿನಲ್ಲಿ ಕೇಳಿದೆ. ಒಂದು ಪಾವು ಅಂದಳು. ಇನ್ನು ನಾಲ್ಕು ತಿಂಗಳು ತನ್ನನ್ನು ಯಾರೂ ಏನೂ ಕೇಳದೆ ಬಿಟ್ಟರೆ ಸಾಕು ಎಂದೂ ಅಂದಳು.

ನಾಲ್ಕು ತಿಂಗಳು ಸಿಗಲಿಲ್ಲ. ಆ ಮಾಸ ಮುಗಿಯುವಷ್ಟರಲ್ಲಿ ಆ ಮನೆಯವರು ದೈವ ಕೂಡಿಸಿದರು. ದೈವವೆಂದರೆ ಅವರ ಕುಲದ ಹಿರಿಯರ ಕೂಟ. ಸೊಸೆಗೆ ಹುಚ್ಚು ಹಿಡಿದಿದೆ. ಆಕೆಯನ್ನು ತವರಿಗೆ ಕಳಿಸಿ, ಕೂಸನ್ನು ಇಟ್ಟುಕೊಂಡು, ಮಗನಿಗೆ ಇನ್ನೊಂದು ಮದುವೆ ಮಾಡಲು ಒಪ್ಪಿಗೆ ಬೇಕು. ಇದು ಅವರ ಅರಿಕೆ. ಹಿರಿಯರು ದುಡುಕುವವರಲ್ಲ. ಗುಣವಾಗುವ ಲಕ್ಷಣ ಇದ್ದರೆ ಕಳಿಸುವಂತಿಲ್ಲ, ಅದಕ್ಕೆ ಯಾರಾದರೂ ಸಾಕ್ಷಿ ಇದ್ದಾರೇನು ಎಂದು ಕೇಳಿದರು.

ಸಾಕ್ಷಿ ನನ್ನ ಹತ್ತಿರ ಇತ್ತು. ತಿಥಿ ವಾರ ಸಮೇತ, ಮೂರು ತಿಂಗಳದ್ದು. ನಾನು ವೈನಿಯನ್ನು ಒಂದು ಮಾತು ಕೇಳಲಿಲ್ಲ. ಪುಸ್ತಕವನ್ನು ಅಪ್ಪನ ಕೈಗೆ ಕೊಟ್ಟು, ಇದನ್ನು ಓದಿದರೆ ಅವರಿಗೇ ತಿಳಿಯುತ್ತದೆ ಎಂದೆ. ಅಪ್ಪ ಹೊರಗೆ ಕಟ್ಟೆಯ ಮೇಲೆ ಹಿರಿಯರ ನಡುವೆ ಕುಳಿತರು. ನಾನು, ವೈನಿ, ಉಳಿದ ಹೆಂಗಸರು ಬಾಗಿಲ ಹಿಂದೆ ಕುಳಿತೆವು.

ಅಪ್ಪ ಶಾಲೆಯಲ್ಲಿ ಪಾಠ ಓದುವಂತೆ ಮೊದಲ ಪುಟದಿಂದ ಹಿಡಿದು ಒಂದಕ್ಷರ ಬಿಡದೆ ಓದಿದರು. ಕೊನೆಯ ಪುಟದಿಂದ ಓದಿರಿ ಎಂದು ನಾನು ಹೇಳಬೇಕಿತ್ತು. ನನಗೆ ಹೊಳೆಯಲೇ ಇಲ್ಲ. ದಿನಚರಿಯನ್ನು ಮೊದಲಿನಿಂದ ಓದುವುದೇ ನಮ್ಮ ಮನೆಯ ಕ್ರಮ. ವೈನಿ ಹನ್ನೊಂದು ಸೇರು ಎಂದು ಬಂದಾಗ ಒಬ್ಬರು, “ಮಾಸ್ತರ್ರ, ಇದೇನ ಜ್ವಾಳದ ಲೆಕ್ಕೇನ್ರಿ?” ಎಂದರು. ಎಲ್ಲರೂ ನಕ್ಕರು. ಮುಂದೆ ಆಷಾಢದ ಆ ಪುಟ ಬಂತು. ಅದು ನನ್ನ ಕೂಸಲ್ಲ ಅನಿಸುತ್ತದೆ, ಯಾರೋ ತಂದಿಟ್ಟು ಹೋಗಿದ್ದಾರೆ... ಅಪ್ಪನ ದನಿ ಸಣ್ಣದಾಯಿತು, ಆದರೂ ಓದಿದರು. ಹೊರಗೆ ಯಾರೂ ನಗಲಿಲ್ಲ.

“ಸಾಕ್ರಿ ಮಾಸ್ತರ್ರ, ಪುಸ್ತಕ ಮುಚ್ಚರಿ” ಎಂದು ಒಬ್ಬ ಹಿರಿಯರು ಮೆಲ್ಲಗೆ ಹೇಳಿದರು. ಇನ್ನೂ ಅರವತ್ತೆಂಟು ಪುಟ ಉಳಿದಿದ್ದವು. ಶ್ರಾವಣ ಉಳಿದಿತ್ತು, ಭಾದ್ರಪದ ಉಳಿದಿತ್ತು.

ವೈನಿ ನನ್ನ ಕಡೆ ತಿರುಗಿದಳು. ಮೂರು ತಿಂಗಳು ಎದುರು ಕುಳಿತಿದ್ದರೂ ಆಕೆಯ ಮುಖವನ್ನು ನೇರ ನೋಡಿದ್ದು ಅದೇ ಮೊದಲು.

“ಅದನ್ನೂ ಬರದೀಯೇನ?” ಅಂದಳು. ಅಷ್ಟೇ.

ನಾಲ್ಕನೆಯ ದಿನ ತವರಿನಿಂದ ಬಂಡಿ ಬಂತು. ಕೂಸನ್ನು ಆ ಹೊತ್ತಿಗೆ ಹಿತ್ತಿಲಿಗೆ ಒಯ್ದಿದ್ದರು.

ಮುಂದಿನ ಚೈತ್ರದಲ್ಲಿ ಗಂಡ ನನ್ನನ್ನು ಮರಳಿ ಕರೆದುಕೊಂಡರು. ಬದಾಮಿಯ ಬನಶಂಕರಿಗೆ ಹೋಗಿ ಬರುವಾಗ ಹಟ ಮಾಡಿ ವೈನಿಯ ಹಳ್ಳಿಯಲ್ಲಿ ಬಂಡಿ ನಿಲ್ಲಿಸಿದೆ. ಅಣ್ಣನ ಮನೆಯ ಅಂಗಳದಲ್ಲಿ ಆಕೆ ಮೊರ ಹಿಡಿದು ಕಾಳು ಕೇರುತ್ತಿದ್ದಳು. ಒಣಗಿದ್ದಳು. ಎದ್ದು ನೀರು ತಂದು ಕೊಟ್ಟು ಮತ್ತೆ ಕೇರಲು ಕುಳಿತಳು. ನಾನು ಕೂಸಿನ ಸುದ್ದಿ ತಂದಿದ್ದೆ: ನಡೆಯುತ್ತದೆ, ಮೇಲೆ ನಾಲ್ಕು ಹಲ್ಲು, ಕೆಳಗೆ ಎರಡು, ಅಜ್ಜಿಯ ಕೋಲು ಹಿಡಿದು ಓಡಾಡುತ್ತದೆ. ಆಕೆಯ ಕೈ ನಿಂತಿತ್ತು. ಕೇಳಿ ಮುಗಿದ ಮೇಲೂ ಬಹಳ ಹೊತ್ತು ನಿಂತೇ ಇತ್ತು. ತಪ್ಪಾಯಿತು ವೈನಿ, ಅಂದೆ. ಆಕೆ ಮೊರ ಎತ್ತಿ ಮತ್ತೆ ಕೇರತೊಡಗಿದಳು. ನಾನು ಏಳುವಾಗ ಮಾತ್ರ ಹೇಳಿದಳು.

“ಇವತ್ತಿಂದು ಬರಕೋಬ್ಯಾಡ.”

ಬರೆಯಲಿಲ್ಲ. ಆ ಚೈತ್ರದಲ್ಲಿ ಒಂದು ದಿನ ಖಾಲಿಯಿದೆ.

ಎರಡು ವರ್ಷದ ಮೇಲೆ ಸೀರೆ ಮಾರುವವನೊಬ್ಬ ಬಂದಾಗ, ಆಕೆ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು ಎಂದು ಹೇಳಿದ. ಯಾವ ತಿಂಗಳು ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ.

ಈಗ ನನ್ನ ಗಂಡನಿಗೆ ಬಾಗಲಕೋಟೆಯ ಕಚೇರಿಯಲ್ಲಿ ಕೆಲಸ. ನಮಗೆ ಮತ್ತೆ ಮಕ್ಕಳಾಗಲಿಲ್ಲ. ಮುಂಜಾನೆಯ ಭಾರ ಹೋಗಿಲ್ಲ, ಹೋಗುತ್ತದೆಂದು ಈಗ ಕಾಯುವುದನ್ನೂ ಬಿಟ್ಟಿದ್ದೇನೆ. ಈ ವರ್ಷ ಇಲ್ಲಿಯವರೆಗೆ ಒಳ್ಳೆಯ ದಿನಗಳು ಹನ್ನೊಂದು. ಗಂಡ ಒಳ್ಳೆಯವರು. ಏಳುತ್ತಲೇ, ನಿದ್ದಿ ಆತೇನ ಎಂದು ಕೇಳುತ್ತಾರೆ. ಆಯಿತು ಎನ್ನುತ್ತೇನೆ. ಇದ್ದದ್ದು ಹೇಳಿದರೆ ಸಂಜೆಯೊಳಗೆ ಔಷಧ ತಂದುಬಿಡುತ್ತಾರೆ.