ಸೊನ್ನೆ ಬಿಟ್ಟುಹೋದ ಕಾದಂಬರಿ

ನನ್ನ ಮೊದಲ ಕಾದಂಬರಿಯ ವಿಮರ್ಶೆ ಬಂದದ್ದು ನಾನೇ ಬಸ್ಸಿನಿಂದ ಇಳಿಸಿಕೊಂಡ ಕಟ್ಟಿನಲ್ಲಿ. ಆಗ ನಾನು ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಸುಳ್ಯದ ಕಡೆಯ ಬಸ್ಸುಗಳ ಏಜೆಂಟ. ಟಿಕೆಟು ಹರಿಯುವುದು, ಮಂಗಳೂರಿನಿಂದ ಬರುವ ಪತ್ರಿಕೆಗಳ ಕಟ್ಟು ಇಳಿಸಿ ಅಂಗಡಿಗಳಿಗೆ ಕೊಡುವುದು ನನ್ನ ಕೆಲಸ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು. ಘಟ್ಟದ ಮೇಲಿನ ವಾರಪತ್ರಿಕೆಯಲ್ಲಿ ನಮ್ಮೂರಿನ ಹೆಸರು ಕಂಡರೇ ಹಿಗ್ಗುತ್ತಿದ್ದ ಕಾಲ.

ಸುಳ್ಯದ ಹತ್ತಿರದ ನಮ್ಮ ಮನೆಯಲ್ಲಿ ಆಡುವುದು ಅರೆಭಾಷೆ, ಪುಸ್ತಕದ ಕನ್ನಡಕ್ಕಿಂತ ಬೇರೆಯೇ ಆದ ನಮ್ಮ ಕಡೆಯ ಮಾತು. ಕಾದಂಬರಿಯಲ್ಲಿದ್ದದ್ದು ನನ್ನ ದೊಡ್ಡಮ್ಮನ ಕತೆ. ಅವಳ ಗಂಡ ಕೊಡಗಿನ ಕಾಫಿ ತೋಟಕ್ಕೆ ಕೆಲಸಕ್ಕೆ ಹೋದವನು ಮರಳಲಿಲ್ಲ. ತಮ್ಮಂದಿರ ಹಂಗಿನಲ್ಲಿ ಉಣ್ಣಲು ಒಪ್ಪದೆ ಅವಳು ದಾರಿಬದಿಯಲ್ಲಿ ಗುಡಿಸಲು ಹಾಕಿ, ಎಮ್ಮೆ ಸಾಕಿ ಬದುಕಿದಳು. ಅವಳ ಬಲವೆಲ್ಲ ನಾಲಗೆಯಲ್ಲಿತ್ತು. ಮೊದಲು ಅವಳನ್ನು ಪುಸ್ತಕದ ಕನ್ನಡದಲ್ಲಿ ಮಾತಾಡಿಸಿ ನೋಡಿದೆ. ಶಾಲಾ ಇನ್ಸ್‌ಪೆಕ್ಟರ ಹೆಂಡತಿ ಮಾತಾಡಿದಂತಿತ್ತು. ಹರಿದು ಹಾಕಿ, ಕತೆಯನ್ನು ಎಲ್ಲರ ಕನ್ನಡದಲ್ಲೂ ಅವಳ ಮಾತನ್ನು ಅರೆಭಾಷೆಯಲ್ಲೂ ಬರೆದೆ.

ಅಚ್ಚು ಹಾಕಿದವರು ಪುತ್ತೂರಿನ ಒಂದು ಸಣ್ಣ ಪ್ರೆಸ್ಸಿನ ಯಜಮಾನರು. ಮದುವೆ ಕಾಗದ, ಶಾಲೆಯ ಪ್ರಶ್ನೆಪತ್ರಿಕೆ ಅವರ ದಿನದ ಅನ್ನ. ಪ್ರೂಫನ್ನು ತಾವೇ ನೋಡುತ್ತಿದ್ದರು. ಪುತ್ತೂರಿನವರು ‘ಉಂಟು’ ಅನ್ನುವಲ್ಲಿ ನಾವು ಅರೆಭಾಷೆಯವರು ‘ಉಟ್ಟು’ ಅನ್ನುತ್ತೇವೆ. ಆ ಪದ ಬಂದಾಗಲೆಲ್ಲ ಅವರ ಪೆನ್ಸಿಲು ನಿಲ್ಲುತ್ತಿತ್ತು.

“ಏಜೆಂಟ್ರೆ, ಇದು ಉಟ್ಟುವೇ ಅಲ್ವಾ? ನಾಳೆ ನನ್ನನ್ನು ಕೇಳುದು ಬೇಡ.”

“ಉಟ್ಟುವೇ. ನಮ್ಮ ಮನೆಯಲ್ಲಿ ಹಾಗೇ.”

ಪುಸ್ತಕ ಬಂದ ಮೇಲೆ ಅಮ್ಮನಿಗೆ ಓದಿ ಹೇಳಿದೆ. ಅವಳಿಗೆ ಅಕ್ಷರ ಬಾರದು. ಅಕ್ಕಿ ಆರಿಸುತ್ತಾ ಕೇಳುತ್ತಿದ್ದವಳು ಮೊರ ಬದಿಗಿಟ್ಟು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅಕ್ಕ ಹಂಗೆನೇ” ಎಂದಳು. ಅಂಥ ವಿಮರ್ಶೆ ಮತ್ತೆ ನನಗೆ ಸಿಗಲಿಲ್ಲ.

ಘಟ್ಟದ ಮೇಲಿನ ಆ ವಾರಪತ್ರಿಕೆಯ ವಿಮರ್ಶೆಯನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಓದಿದೆ. ಕತೆಯ ಬಗ್ಗೆ ಒಂದು ಸಾಲು. ಉಳಿದದ್ದೆಲ್ಲ ಅಚ್ಚಿನ ತಪ್ಪುಗಳ ಬಗ್ಗೆ. ‘ಉಂಟು’ವಿನ ಸೊನ್ನೆ ಪುಸ್ತಕದುದ್ದಕ್ಕೂ ಬಿಟ್ಟುಹೋಗಿದೆಯಂತೆ, ಸಂಭಾಷಣೆಯ ಒಂದು ಸಾಲೂ ನೆಟ್ಟಗಿಲ್ಲವಂತೆ, ಮುದ್ರಕರು ಇಷ್ಟು ಬೇಜವಾಬ್ದಾರಿ ತೋರಬಾರದಿತ್ತಂತೆ. ಕೊನೆಯಲ್ಲಿ ಪ್ರೆಸ್ಸಿನ ಹೆಸರನ್ನು ಊರು ಸಮೇತ ಕೊಟ್ಟಿದ್ದರು. ದೊಡ್ಡಮ್ಮ ಸತ್ತದ್ದು, ಎಮ್ಮೆ ಮಾರಿದ್ದು, ತಮ್ಮಂದಿರು ಬಾಗಿಲಿಗೆ ಬಂದದ್ದು, ಯಾವುದೂ ವಿಮರ್ಶಕರ ಕಣ್ಣಿಗೆ ಬಿದ್ದಿರಲಿಲ್ಲ.

ಮಧ್ಯಾಹ್ನದೊಳಗೆ ಪೇಟೆಯ ಆಚೆ ತುದಿಯ ದರ್ಬೆಯ ತನಕ ಸುದ್ದಿಯಾಗಿತ್ತು. ಯಜಮಾನರು ಪತ್ರಿಕೆ ಹಿಡಿದುಕೊಂಡೇ ಬಂದರು.

“ಇದೆಂತ ಮಾರಾಯ್ರೆ? ಕಾಯಿಲೆ ನಿಮ್ಮದು, ಕಷಾಯ ನನಗಾ?”

“ಪತ್ರಿಕೆಗೆ ಬರೆಯುತ್ತೇನೆ. ತಪ್ಪು ನಿಮ್ಮದಲ್ಲ ಅಂತ ತಿಳಿಸುತ್ತೇನೆ.”

“ಬರೆಯಿರಿ. ಓದುವವರು ಯಾರುಂಟು ನೋಡುವ.”

ಬರೆದೆ. ಅದು ಒಂದು ಭಾಷೆ, ಇಷ್ಟು ಸಾವಿರ ಮನೆಗಳಲ್ಲಿ ಮಕ್ಕಳು ಅದರಲ್ಲೇ ಅಮ್ಮನನ್ನು ಕರೆಯುತ್ತಾರೆ ಎಂದೆಲ್ಲ ವಿನಯದಿಂದಲೇ ಬರೆದೆ. ಅವರು ನನ್ನ ಕಾಗದವನ್ನು ಅಚ್ಚು ಹಾಕಲಿಲ್ಲ. ಕೆಲವು ವಾರಗಳ ನಂತರ ಪುಟದ ಮೂಲೆಯಲ್ಲಿ ಎರಡು ಸಾಲು ಬಂತು. ಹಿಂದೆ ತೋರಿಸಿದ ತಪ್ಪುಗಳು ಮುದ್ರಕರವಲ್ಲವೆಂದು ಲೇಖಕರು ತಿಳಿಸಿದ್ದಾರೆ; ಹಾಗಾದರೆ ಅವು ಲೇಖಕರವೇ ಎಂದು ತಿದ್ದಿ ಓದಿಕೊಳ್ಳಬೇಕು.

ಆ ವರ್ಷ ಒಂದು ಶಾಲೆಯವರು ತಮ್ಮ ಪ್ರಶ್ನೆಪತ್ರಿಕೆಗಳನ್ನು ಬೇರೆ ಪ್ರೆಸ್ಸಿಗೆ ಕೊಟ್ಟರು. ತಪ್ಪಿಲ್ಲದ ಪ್ರಶ್ನೆಪತ್ರಿಕೆ ಬೇಕಂತೆ. ಯಜಮಾನರು ನನಗೆ ಬೈಯಲಿಲ್ಲ. ಸುಳ್ಯಕ್ಕೆ ಮಗಳ ಮನೆಗೆ ಹೋಗುವಾಗ ನನ್ನ ಹತ್ತಿರ ಟಿಕೆಟು ಕೇಳುವುದನ್ನು ಬಿಟ್ಟರು, ಬಸ್ಸಿನೊಳಗೆ ಕೂತು ಕಂಡಕ್ಟರನಿಂದಲೇ ತೆಗೆದುಕೊಂಡರು. ಬೈದಿದ್ದರೆ ಒಳ್ಳೆಯದಿತ್ತು.

ಎರಡನೆಯ ಕಾದಂಬರಿಯನ್ನು ಮಂಗಳೂರಿನ ಪ್ರಕಾಶಕರೊಬ್ಬರು ಕೇಳಿದರು. ಮಾತುಕತೆ ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿರಲಿ ಎಂದರು. ಒಪ್ಪಿಕೊಂಡೆ. ಯಾರಿಗೂ ಕಷಾಯ ಕುಡಿಸುವುದು ಬೇಡವೆನಿಸಿತ್ತು. ಅದೇ ಪತ್ರಿಕೆಯಲ್ಲಿ ಅದೇ ವಿಮರ್ಶಕರು ಈ ಸಲ ಉದ್ದಕ್ಕೆ ಬರೆದರು. ಲೇಖಕರು ಭಾಷೆಯನ್ನು ತಿದ್ದಿಕೊಂಡಿರುವುದು ಸಂತೋಷದ ಸಂಗತಿ, ಪಾತ್ರಗಳಿಗೆ ಜೀವ ಬಂದಿದೆ ಎಂದರು. ಬಸ್‌ಸ್ಟ್ಯಾಂಡಿನಲ್ಲಿ ಗುರುತಿದ್ದವರು, ಇಲ್ಲದವರು ಬಂದು ಕೈಕುಲುಕಿದರು. “ಪಾಸಾದಿರಿ ಏಜೆಂಟ್ರೆ” ಎಂದ ಎದುರಿನ ಹೋಟೆಲಿನವ ಆ ದಿನ ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಭಾನುವಾರ ಊರಿಗೆ ಹೋಗಿ ಅಮ್ಮನಿಗೆ ಆ ಪುಸ್ತಕವನ್ನೂ ಓದಲು ಕೂತೆ. ನಮ್ಮದೇ ಊರಿನ ಕತೆ, ಅವಳಿಗೆ ಗೊತ್ತಿದ್ದವರದೇ ಜಗಳ. ಮೊದಲ ಅಧ್ಯಾಯ ಮುಗಿಯುವವರೆಗೂ ಅಕ್ಕಿ ಆರಿಸುತ್ತಲೇ ಇದ್ದಳು. ಆಮೇಲೆ ಕೇಳಿದಳು.

“ಇವೆಲ್ಲ ಎಲ್ಲಿಯವು?”

ಈ ಜನ ಯಾವ ಊರಿನವರು ಎಂದು ಅವಳ ಪ್ರಶ್ನೆ. ಇಲ್ಲಿಯವರೇ ಎಂದೆ. ಅವಳು ನನ್ನ ಮುಖ ನೋಡಿ, ಮಗನಿಗೆ ನೋವಾಗಬಾರದೆಂದು ತಲೆಯಾಡಿಸಿದಳು. ಎದ್ದು ಒಲೆ ಉರಿಸಲು ಹೋದಳು. ನಾನು ಮುಂದೆ ಓದಲಿಲ್ಲ.

ಆ ವಿಮರ್ಶಕರ ಮೇಲೆ ನನಗಿರುವ ಸಿಟ್ಟು ಮೊದಲ ಬರಹಕ್ಕಲ್ಲ, ಎರಡನೆಯದಕ್ಕೆ. ಬೈದಾಗ ನಾನು ಕಾಗದ ಬರೆದು ಎದುರು ನಿಂತಿದ್ದೆ. ಹೊಗಳಿದಾಗ ಹಾಗೆ ನಿಲ್ಲಲಾಗಲಿಲ್ಲ. ಮೂರನೆಯ ಕಾದಂಬರಿ ಶುರುಮಾಡಿದೆ. ಯಾರ ಬಾಯಿಗೆ ಯಾವ ಮಾತು ಕೊಡಲಿ ಎಂದು ಪ್ರತಿ ಸಾಲಿಗೂ ನಿಲ್ಲುತ್ತಿದ್ದೆ. ಒಂದು ಕಡೆ ಅಮ್ಮ, ಇನ್ನೊಂದು ಕಡೆ ಆ ವಿಮರ್ಶಕರು. ಕೊನೆಗೆ ಮಾತೇ ಇಲ್ಲದ ಪುಟಗಳು ಹೆಚ್ಚಾದವು. ಅರ್ಧದಲ್ಲಿ ಅದನ್ನು ಕಟ್ಟಿಟ್ಟೆ.