ಕಿಟಕಿಗೆ ಬೆನ್ನು ಮಾಡಿ ಕೂತವರು

ಚಾಚಾನ ಬೆರಳ ತುದಿಗಳ ಮೇಲೆ ರವೆ ಚೆಲ್ಲಿದಂತೆ ಬಿಳಿಯ ಚುಕ್ಕಿಗಳಿದ್ದವು, ಕಾದ ಸೀಸ ಸಿಡಿದ ಗುರುತುಗಳು. ಆ ಬೆರಳುಗಳಿಗೆ ಚಹಾದ ಬಿಸಿ ತಿಳಿಯುತ್ತಿರಲಿಲ್ಲ. ಟೇಪಿನ ಮೇಲಿನ ಸಣ್ಣ ಸುಕ್ಕು ಮಾತ್ರ ಕಣ್ಣು ಮುಚ್ಚಿದ್ದರೂ ತಿಳಿಯುತ್ತಿತ್ತು.

ಬೆಟಗೇರಿಯ ನಮ್ಮ ಓಣಿಯಲ್ಲಿ ಅವರ ರೇಡಿಯೋ ರಿಪೇರಿ ಅಂಗಡಿ. ಶಿಗ್ಲಿ, ಶಿರಹಟ್ಟಿಯಿಂದ ಜನ ಬಸ್ಸಿನಲ್ಲಿ ರೇಡಿಯೋವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಕಾನ್ವೆಂಟಿನಲ್ಲಿ ಓದಿ, ಊರಲ್ಲೇ ಮ್ಯೂಸಿಕ್ ಟೀಚರ್ ಆಗಿದ್ದೆ. ಚಾಚಾನ ಬಾಯಲ್ಲಿ ನಾನು ಅಕ್ಕೋರು. ಮದುವೆ, ಉರುಸು ಎಲ್ಲಿ ರೆಕಾರ್ಡ್ ಮಾಡಿದರೂ ಅವರು ಇಯರ್‌ಫೋನ್ ತೆಗೆದವರಲ್ಲ. "ಮಷೀನ್ ನಂಬಬಾರ್ದ್ರಿ ಅಕ್ಕೋರ, ಕಿವಿ ನಂಬಬೇಕು" ಎನ್ನುವರು. ಪಕ್ಕಾ ಪರ್ಫೆಕ್ಷನಿಸ್ಟ್.

ಆ ವರ್ಷ ನನ್ನ ತಂಗಿ ಹಾಸಿಗೆ ಹಿಡಿದಳು. ಎದೆಯ ಕಾಯಿಲೆ, ಡಾಕ್ಟರು ಕೈ ಚೆಲ್ಲಿದ್ದರು. ಅವಳ ಮಗಳಿಗಿನ್ನೂ ಎರಡು ವರ್ಷ.

"ಅಕ್ಕಾ, ನನ್ನ ಮಾರಿ ಫೋಟೋದಾಗ ಐತಿ. ದನಿ ಎಲ್ಲೈತಿ?" ಎಂದಳು ಒಂದು ದಿನ. ಮಗಳಿಗಾಗಿ ಒಂದು ಜೋಗುಳ ಹಾಡಿಡಬೇಕು, ಅಷ್ಟೇ ಅವಳ ಲಾಸ್ಟ್ ವಿಶ್.

ಮೋಟಾರಿನ ಸದ್ದು ಹಾಡಿನಲ್ಲಿ ಸೇರಬಾರದೆಂದು ಚಾಚಾ ಟೇಪಿನ ಸುರುಳಿ ತಿರುಗುವ ಎರಡು ಸ್ಪೂಲ್ ಮಷೀನುಗಳನ್ನು ಕೋಣೆಯ ಹೊರಗೆ, ಕಿಟಕಿಯ ಕೆಳಗಿಟ್ಟರು. ಒಂದರಲ್ಲಿ ನಾನು ಮೊದಲೇ ನುಡಿಸಿಟ್ಟ ಹಾರ್ಮೋನಿಯಂ, ಅದು ಅವಳ ಕಿವಿಗೆ. ಇನ್ನೊಂದು ಅವಳ ದನಿಗೆ, ಅದರ ಮೈಕಿನ ವೈರು ಕಿಟಕಿಯಿಂದ ಒಳಗೆ ಬಂದಿತ್ತು. ಆಮೇಲೆ ಎರಡನ್ನೂ ಕೂಡಿಸಬೇಕಾದರೆ ಓಟ ಒಂದೇ ಇರಬೇಕಲ್ಲ, ಎರಡನೆಯದು ಕೂದಲೆಳೆಯಷ್ಟು ನಿಧಾನ. ಟೇಪು ಎಳೆಯುವ ಕಡ್ಡಿಗೆ ತೆಳ್ಳನೆಯ ಪಟ್ಟಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ ಮೂರು ದಿನ ಕೂತರು. "ಜೋಡೆತ್ತು ಇದ್ದಂಗ್ರಿ. ಒಂದು ಹಿಂದ ಬಿದ್ರ ಸಾಲು ಸೊಟ್ಟ."

ಎರಡನ್ನೂ ಒಟ್ಟಿಗೆ ಓಡಿಸಲು ಉದ್ದ ವೈರಿನ ತುದಿಗೆ ಒಂದೇ ಗುಂಡಿ ಮಾಡಿದರು. ಹೊಸ್ತಿಲಾಚೆ ನಿಂತು ಹೇಳಿಕೊಟ್ಟರು, ನಾನು ಮಂಚಕ್ಕೆ ಕಟ್ಟಿದೆ.

"ಉಸಿರು ಕೂಡಿ ಬಂದಾಗ ನೀನ ಒತ್ತವ್ವಾ. ಮಷೀನ್ ನಿನ್ನ ದಾರಿ ಕಾಯ್ತಾವ."

"ಚಾಚಾ, ಕೆಮ್ಮಿದ್ರ ಅದೂ ಬರ್ತೈತೇನ್ರಿ?"

"ಬರ್ಲಿ ಬಿಡವ್ವಾ. ಹೆಂಗೂ ತಬಲಾ ಇಲ್ಲ."

ಎಷ್ಟೋ ವಾರಗಳ ಮೇಲೆ ಅವಳು ನಕ್ಕಳು.

ಮರುದಿನ ಬೆಳಿಗ್ಗೆ ಮಂಚವನ್ನು ಗೋಡೆಗೆ ಸರಿಸಿ ಅವಳನ್ನು ಒರಗಿಸಿದೆ. ಗುಂಡಿ ಒತ್ತಿದಳು. ಮೂರು ನುಡಿ ಹಾಡಿದಳು, ಕೆಮ್ಮಲೇ ಇಲ್ಲ. ಹೊರಗೆ ಚಾಚಾ ಇಯರ್‌ಫೋನನ್ನು ಕಿಟಕಿಯ ಸರಳಿಗೆ ನೇತುಹಾಕಿ, ಮಷೀನಿಗೂ ಕಿಟಕಿಗೂ ಬೆನ್ನು ಮಾಡಿ ಓಣಿ ನೋಡುತ್ತ ಕೂತಿದ್ದರು. ಹಾಸಿಗೆ ಹಿಡಿದ ಹೆಣ್ಣುಮಗಳು ತನ್ನ ಕೂಸಿಗೆ ಹಾಡುವುದನ್ನು ಪರಗಂಡಸು ಕೇಳಬಾರದು. ಅದು ಅವರ ಅದಬು, ಅವರ ಮರ್ಯಾದೆ. ಮಷೀನುಗಳನ್ನಷ್ಟೇ ಅಂಗಡಿಗೆ ಒಯ್ದರು. "ವೈರು ಇರ್ಲಿ, ಇನ್ನೊಂದು ಹಾಡ್ತಾಳ. ನೀವು ಅಂಗಡಿಗಿ ಬಂದ ಮ್ಯಾಲೆ ನಿಮ್ಮೆದುರಿಗೇ ಇದನ್ನ ಹಚ್ಚೋಣ್ರಿ ಅಕ್ಕೋರ."

ಮೂರನೆಯ ದಿನ ಅವಳು ಹೋದಳು.

ದಿನಕರ್ಮ ಮುಗಿಸಿ ಅಂಗಡಿಗೆ ಹೋದೆ. ಚಾಚಾ ಎರಡನ್ನೂ ಹಚ್ಚಿದರು. ಬಂದದ್ದು ನನ್ನ ಹಾರ್ಮೋನಿಯಂ ಮಾತ್ರ. ಎರಡನೆಯದರಲ್ಲಿ ಬರಿ ಸೊಂಯ್ ಎನ್ನುವ ಸದ್ದು. ತಲೆ ಬಗ್ಗಿಸಿ ಮತ್ತೆ ಮತ್ತೆ ಹಚ್ಚಿದರು.

"ಒಮ್ಮೆ ಕಿವಿಗಿ ಹಚ್ಚಿದ್ರ ಏನ್ ಹೋಗ್ತಿತ್ರಿ? ನಿಮ್ಮ ಮರ್ಯಾದಿ ಆಕಿ ದನಿ ನುಂಗ್ತು!" ಎಂದು ಕೂಗಿದೆ.

"ಖರೆ ಐತ್ರಿ ಅಕ್ಕೋರ" ಎಂದರು. ಅಷ್ಟೇ.

ಆ ಸಂಜೆ ಮಂಚ ಹೊರಗೆ ತೆಗೆಯುವಾಗ ಕಂಡೆ. ಮೈಕಿನ ವೈರು ಮಂಚದ ಕಾಲಡಿ ಸಿಕ್ಕು ತುಂಡಾಗಿತ್ತು. ಮಂಚ ಸರಿಸಿದವಳು ನಾನು. ವೈರನ್ನು ಸುತ್ತಿ ಟ್ರಂಕಿನ ತಳಕ್ಕೆ ಹಾಕಿದೆ. ಯಾರಿಗೂ ಹೇಳಲಿಲ್ಲ.

ಚಾಚಾ ಮತ್ತೆ ಯಾರ ದನಿಯನ್ನೂ ರೆಕಾರ್ಡ್ ಮಾಡಲಿಲ್ಲ. ಕೇಳಿದವರಿಗೆ "ನನಗ ಬರಂಗಿಲ್ಲರೀ" ಎನ್ನುತ್ತಿದ್ದರಂತೆ. ಎದುರಾದಾಗ ನನಗೆ ದಾರಿ ಬಿಟ್ಟು ನಿಲ್ಲುತ್ತಿದ್ದರು. ಏಳು ವರ್ಷ ಹೀಗೇ. ಒಂದು ಶುಕ್ರವಾರ ಜನರ ಹೆಗಲ ಮೇಲೆ ಅವರ ಜನಾಜಾ ನಮ್ಮ ಬಾಗಿಲ ಮುಂದಿನಿಂದಲೇ ಹೋಯಿತು.

ಕಾನ್ವೆಂಟಿನಲ್ಲಿ ಮೊದಲ ವಾರವೇ ನಮಗೆ ಸಾರಿ ಎನ್ನುವುದನ್ನು ಕಲಿಸಿದ್ದರು. ಆ ಮನುಷ್ಯನಿಗೆ ಅದನ್ನು ಹೇಳಲು ನನಗೆ ಏಳು ವರ್ಷ ಸಾಲಲಿಲ್ಲ.